ಜರಿಯ ಹೊಳಪಿಗೂ ಒರೆಗಲ್ಲುಂಟು

ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯನ್ನೂ ಸುತ್ತಲಿನ ಮಗ್ಗಗಳನ್ನೂ ವಾಚಕರಿಗೆ ನಾವು ಪರಿಚಯಿಸಬೇಕಾಗಿಲ್ಲ. ಕಲ್ಯಾಣದುರ್ಗದ ಕಡೆಯ ಮನೆಗಳಲ್ಲಿಯೂ ಮದುವೆ ಗೊತ್ತಾದೊಡನೆ ಏಳುವ ಮಾತು ಸೀರೆಯದು. ಸೀರೆಯಲ್ಲಿ ಮೊದಲು ಕಣ್ಣು ಹೋಗುವುದು ಜರಿಯ ಅಂಚಿಗೆ. ಆ ಅಂಚು ನಾಲ್ಕು ಸಲ ಉಡುವಷ್ಟರಲ್ಲಿ ಮಂಕಾದರೆ ದೂರು ಬರುವುದು ನೇಕಾರನ ಮೇಲೆ. ಅವನು ಜರಿಯನ್ನು ಮಾಡಿದವನಲ್ಲ, ಕೊಂಡು ನೇಯ್ದವನು ಎಂಬುದನ್ನು ಯಾರೂ ನೆನೆಯುವುದಿಲ್ಲ.

ಅಸಲು ಜರಿಯಲ್ಲಿ ಬೆಳ್ಳಿಯ ತಂತಿಯನ್ನು ಚಪ್ಪಟೆ ಮಾಡಿ ರೇಷ್ಮೆಯ ಎಳೆಗೆ ಸುತ್ತಿ, ಚಿನ್ನದ ಲೇಪ ಕೊಡುತ್ತಾರೆ. ಅಗ್ಗದ ಸೀರೆಗಳ ಪ್ಲಾಸ್ಟಿಕ್ ಜರಿಯ ಹುಟ್ಟೇ ಬೇರೆ. ಗಾಳಿ ತೆಗೆದ ಕೋಣೆಯಲ್ಲಿ ಅಲ್ಯೂಮಿನಿಯಂ ಲೋಹವನ್ನು ಆವಿಯಾಗಿಸಿ ಪಾಲಿಯೆಸ್ಟರ್ ಹಾಳೆಯ ಮೇಲೆ ಕೂರಿಸುತ್ತಾರೆ. ಹೊಂಬಣ್ಣದ ಮೆರುಗೆಣ್ಣೆ ಬಳಿದು ಎಳೆಗಳಾಗಿ ಸೀಳುತ್ತಾರೆ. ಹಾಳೆಯ ದಪ್ಪ 12 ಮೈಕ್ರಾನ್ ಎಂದಿಟ್ಟುಕೊಂಡರೆ, ಲೋಹದ ಪದರ ಒಂದು ಮೈಕ್ರಾನಿನ ಇಪ್ಪತ್ತನೆಯ ಒಂದು ಪಾಲಿನ ಆಸುಪಾಸು. ಮಕ್ಕಳು ತಿಂದೆಸೆಯುವ ಕುರುಕಲು ಪೊಟ್ಟಣದ ಒಳಮೈಯ ಹೊಳಪೂ ಇದೇ ಜಾತಿಯದು.

ಇಷ್ಟು ತೆಳುವಾದುದನ್ನು ಪರೀಕ್ಷಿಸುವುದು ಹೇಗೆ? ವಿಜ್ಞಾನಿಗಳು ಅದನ್ನು ಪ್ಲಾಸ್ಟಿಕ್ಕಿನ ಸಮೇತ ಎಳೆಯುತ್ತಾ, ಲೋಹದಲ್ಲಿ ವಿದ್ಯುತ್ ಹರಿಸಿ ರೋಧವನ್ನು ಅಳೆಯುತ್ತಾರೆ. ಪದರ ಬಿರಿಯದೆ ಹಿಗ್ಗಿದರೆ ರೋಧವು ಉದ್ದದ ವರ್ಗಕ್ಕೆ ಅನುಗುಣವಾಗಿ ಏರಬೇಕು. ಉದ್ದ ಶೇಕಡ 10 ಹೆಚ್ಚಿದರೆ ರೋಧ 1.21 ಪಟ್ಟು. ಅದನ್ನು ಮೀರಿತೋ, ಕಣ್ಣಿಗೆ ಕಾಣದ ಬಿರುಕು ಎದ್ದಿತೆಂದೇ ಅರ್ಥ. ಹತ್ತನೆಯ ತರಗತಿಯ ಲೆಕ್ಕ ಇಂಥ ಕಡೆ ಕೈಹಿಡಿಯುವುದು ಉಪಾಧ್ಯಾಯರಾದ ನಮಗೆ ಪರಮ ಸಂತೋಷ.

ಈ ಬಗೆಯ ಪರೀಕ್ಷೆಯಿಂದ ಹೊರಬಿದ್ದ ಸಂಗತಿ ವಿಚಿತ್ರವಾದುದು. ಬಿಡಿಯಾಗಿ ಎಳೆದ ತೆಳು ಲೋಹ ಸಾಮಾನ್ಯವಾಗಿ ಶೇಕಡ ಒಂದೆರಡು ಹಿಗ್ಗುವಷ್ಟರಲ್ಲಿ ಹರಿಯುತ್ತದೆ. ಆದರೆ ಪ್ಲಾಸ್ಟಿಕ್ಕಿಗೆ ಬಿಗಿಯಾಗಿ ಅಂಟಿದ ತಾಮ್ರದ ಪದರ ಶೇಕಡ 50ನ್ನೂ ಮೀರಿ ಹಿಗ್ಗಿದುದನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಲೋಹ ಒಂದೆಡೆ ಸಣ್ಣಗಾಗತೊಡಗಿದರೆ ಕೆಳಗಿನ ಪ್ಲಾಸ್ಟಿಕ್ ಅದನ್ನು ತಡೆದು ಎಳೆತವನ್ನು ಎಲ್ಲೆಡೆಗೆ ಹಂಚುತ್ತದೆ. ಅಂಟು ಸಡಿಲಿದ ಕಡೆ ಲೋಹ ಒಂಟಿಯಾಗುತ್ತದೆ, ಅಲ್ಲಿಯೇ ಹರಿಯುತ್ತದೆ.

ಆದಕಾರಣ ಜರಿ ಕೊಳ್ಳುವ ನೇಕಾರ ಹೊಳಪಿಗಿಂತ ಹಿಡಿತವನ್ನು ನೋಡುವುದು ಲೇಸು. ಅಂಟುಪಟ್ಟಿಯನ್ನು ಒತ್ತಿ ಕಿತ್ತು, ಅದಕ್ಕೆ ಹೊಳಪು ಹತ್ತಿ ಬಂದಿತೇ ಎಂದು ನೋಡುವ ಪರೀಕ್ಷೆಗೆ ಯಂತ್ರ ಬೇಕಿಲ್ಲ. ಜರಿಯ ಉಂಡೆಯೊಡನೆ ಇದರ ಫಲ ಬರೆದ ಚೀಟಿಯನ್ನು ಕೇಳುವ ಹಕ್ಕು ನೇಕಾರನಿಗೆ ಇರಬೇಕೆಂಬುದು ನಮ್ಮ ಅಭಿಪ್ರಾಯ.

ಸೀರೆ ಉಡುವವರಿಗೂ ಒಂದು ಲೆಕ್ಕವುಂಟು. 12 ಮೈಕ್ರಾನಿನ ಹಾಳೆಯನ್ನು 1 ಮಿಲಿಮೀಟರ್ ತ್ರಿಜ್ಯಕ್ಕೆ ಬಾಗಿಸಿದರೆ ಹೊರಮೈ ಹಿಗ್ಗುವುದು ಶೇಕಡ 0.6, ಬಾಗು ಅದರ ಹತ್ತನೆಯ ಒಂದು ಪಾಲಿಗೆ ಇಳಿದರೆ ಸುಮಾರು ಶೇಕಡ 6. ಇಸ್ತ್ರಿಯಿಂದ ಚೂಪಾಗಿ ಒತ್ತಿದ ಮಡಿಕೆಯಲ್ಲಿ ಜರಿ ಮೊದಲು ಕೆಡುವುದು ಇದರಿಂದಲೇ. ಮಡಿಕೆಯ ನಡುವೆ ಹಳೆಯ ಹತ್ತಿಬಟ್ಟೆಯನ್ನು ಸುರುಳಿ ಮಾಡಿ ಇಟ್ಟರೆ ಬಾಗು ದೊಡ್ಡದಾಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆಯ ಜಾಗ ಬದಲಿಸಿದರೆ ಇನ್ನೂ ಒಳ್ಳೆಯದು.