ಸರಕಾರ ಖರ್ಚು ಕಡಿಮೆ ಮಾಡಿದರೆ ನಮ್ಮ ಗದ್ದೆಗೇನು?



ಹಟ್ಟಿಯಂಗಡಿಯ ಬೈಲಿನಲ್ಲಿ ನಟ್ಟಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಹಿರಿಯರೊಬ್ಬರು ದಾರಿಯಲ್ಲಿ ನನ್ನನ್ನು ತಡೆದು ಒಂದು ಮಾತು ಕೇಳಿದರು. "ಹ್ವಾಯ್, ವ್ಯಾಪಾರ ಬಿದ್ದಾಗೆಲ್ಲ ಸರ್ಕಾರ ಖರ್ಚ್ ಕಡ್ಮಿ ಮಾಡತ್ತ್ ಅಂಬ್ರ್. ಮಾಡ್ಲಿ ಮಾರಾಯ್ರೆ, ನಮ್ಗೆಂತ? ನಮ್ ಮನಿಯಂಗೆ ಸಂಬ್ಳದವ್ರ್ ಯಾರೂ ಇಲ್ಲೆ."

ಮಾತು ಸರಿಯೆಂದೇ ತೋರುತ್ತದೆ. ಸರಕಾರದ ಖರ್ಚು ಎಂದರೆ ಕಚೇರಿಯವರ ಸಂಬಳ, ಮಂತ್ರಿಗಳ ಕಾರು, ದೊಡ್ಡ ಕಟ್ಟಡ ಎಂದು ನಾವು ತಿಳಿದಿದ್ದೇವೆ. ಅದು ಕಡಿಮೆಯಾದರೆ ಒಳ್ಳೆಯದೇ ಅಲ್ಲವೆ? ಆದರೆ ಕತ್ತಿ ಎಲ್ಲಿ ಬೀಳುತ್ತದೆ ಎಂದು ನೋಡದೆ ಕಡಿದವನು ಒಳ್ಳೆಯದಾಯಿತು ಎನ್ನುವ ಹಾಗಿಲ್ಲ. ಈ ಹೊತ್ತು ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮೊದಲನೆಯದಾಗಿ, ಸರಕಾರಕ್ಕೆ ಹಣ ಎಲ್ಲಿಂದ ಬರುತ್ತದೆ? ಅಂಗಡಿಯಲ್ಲಿ ಸಾಬೂನು ಕೊಂಡರೆ ಒಂದು ಪಾಲು, ಟಿಲ್ಲರಿಗೆ ಡೀಸೆಲ್ ಹಾಕಿಸಿದರೆ ಒಂದು ಪಾಲು, ಜಾಗ ನೋಂದಣಿ ಮಾಡಿಸಿದರೆ ಒಂದು ಪಾಲು. ಕೇಂದ್ರ ಸರಕಾರ ವಸೂಲು ಮಾಡಿದ ತೆರಿಗೆಯಲ್ಲಿ ರಾಜ್ಯಕ್ಕೂ ಪಾಲುಂಟು. ಜನರ ಕೈಯಲ್ಲಿ ಹಣ ಓಡಾಡುತ್ತಿದ್ದರೆ ಬೊಕ್ಕಸ ತುಂಬುತ್ತದೆ. ಓಡಾಟ ನಿಂತರೆ ಬೊಕ್ಕಸವೂ ಬರಿದಾಗುತ್ತದೆ. 2020ನೆಯ ಇಸವಿಯನ್ನು ನೆನಪಿಗೆ ತಂದುಕೊಳ್ಳಿ. ಮಾರ್ಚ್ ಕೊನೆಗೆ ದೇಶವೆಲ್ಲ ಬಾಗಿಲು ಹಾಕಿತು. ಬೆಂಗಳೂರು, ಮುಂಬಯಿಗಳ ಹೋಟೆಲು, ಬೇಕರಿಗಳಲ್ಲಿದ್ದ ನಮ್ಮ ಕುಂದಾಪುರ ಕಡೆಯ ಹುಡುಗರು ಊರಿಗೆ ಬಂದು ಕುಳಿತರು. ಮನೆಗೆ ಬರುತ್ತಿದ್ದ ಹಣ ನಿಂತಿತು. ಆ ವರ್ಷ ಏಪ್ರಿಲಿನಿಂದ ಜೂನಿನವರೆಗಿನ ಮೂರು ತಿಂಗಳಲ್ಲಿ ದೇಶದ ಒಟ್ಟು ಉತ್ಪತ್ತಿ ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಭಾಗ ಕುಗ್ಗಿತು. ಕುಗ್ಗದೆ ನಿಂತದ್ದು ಬೇಸಾಯ ಒಂದೇ ಎಂದರೂ ಸಲ್ಲುತ್ತದೆ.

ಆದಾಯ ಕುಗ್ಗಿದಾಗ ಖರ್ಚು ಕುಗ್ಗಿಸುವುದು ಮನೆಯ ರೀತಿ. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಸರಕಾರಕ್ಕೂ ಇದು ಸಲ್ಲುತ್ತದೆ. ಆದರೆ ಪೂರ್ತಿಯಾಗಿ ಅಲ್ಲ. ಇಲ್ಲಿ ಎರಡು ಸಂಗತಿಗಳನ್ನು ತಿಳಿಯಬೇಕು.

ಒಂದನೆಯ ಸಂಗತಿ: ಒಬ್ಬರ ಖರ್ಚು ಇನ್ನೊಬ್ಬರ ಆದಾಯ. ಒಂದು ಮನೆಯವರು ಮೀನು ಕೊಳ್ಳುವುದನ್ನು ನಿಲ್ಲಿಸಿದರೆ ಸಂತೆಗೆ ಅದು ತಿಳಿಯುವುದೇ ಇಲ್ಲ. ಊರಿನವರೆಲ್ಲ ಒಂದೇ ವಾರ ನಿಲ್ಲಿಸಿದರೆ? ಮೀನು ಮಾರುವಾಕೆ ಬರಿಗೈಯಲ್ಲಿ ಮನೆಗೆ ಹೋಗುತ್ತಾಳೆ. ಆಕೆ ನಮ್ಮಿಂದ ಕೊಳ್ಳುತ್ತಿದ್ದ ಅಕ್ಕಿ, ತೆಂಗಿನಕಾಯಿ ನಮ್ಮಲ್ಲೇ ಉಳಿಯುತ್ತದೆ. ಮುಗ್ಗಟ್ಟಿನಲ್ಲಿ ಆಗುವುದು ಹೀಗೆಯೇ. ಎಲ್ಲರೂ ಕೈ ಬಿಗಿಹಿಡಿದ ಹೊತ್ತಿನಲ್ಲಿ ಎಲ್ಲರಿಗಿಂತ ದೊಡ್ಡ ಖರ್ಚಿನವನಾದ ಸರಕಾರವೂ ಕೈ ಬಿಗಿಹಿಡಿದರೆ ಸಂತೆ ಇನ್ನಷ್ಟು ಬರಿದಾಗುತ್ತದೆ, ತೆರಿಗೆ ಇನ್ನಷ್ಟು ಕುಗ್ಗುತ್ತದೆ.

ಎರಡನೆಯ ಸಂಗತಿ: ಸರಕಾರದ ಖರ್ಚೆಲ್ಲ ಒಂದೇ ಜಾತಿಯದಲ್ಲ. ನಮ್ಮ ಮನೆಯ ಲೆಕ್ಕದಂತೆ ಅದರಲ್ಲಿ ಮೂರು ಪಾಲು ಮಾಡಬಹುದು. ಸಂಬಳ, ಪಿಂಚಣಿ, ಹಳೆಯ ಸಾಲದ ಬಡ್ಡಿ ಇವು ಒಂದು ಪಾಲು, ಕೊಡದೆ ತೀರದು. ರಸ್ತೆಯ ಹೊಂಡ ಮುಚ್ಚುವುದು, ತೋಡಿನ ಹೂಳು ತೆಗೆಯುವುದು, ಪಶುವೈದ್ಯಶಾಲೆಗೆ ಮದ್ದು, ಗೊಬ್ಬರಕ್ಕೆ ಸಹಾಯಧನ ಇವು ಎರಡನೆಯ ಪಾಲು. ಕಾಲುವೆ, ಸೇತುವೆ, ಅಣೆಕಟ್ಟು, ಬೀಜ ಸಂಶೋಧನೆ ಇವು ಮೂರನೆಯದು. ಈ ವರ್ಷ ಹಾಕಿದ ಹಣಕ್ಕೆ ಫಲ ಕಾಣುವುದು ಮುಂದಿನ ವರ್ಷಗಳಲ್ಲಿ. ಇದು ಬಿತ್ತನೆಯ ಮುಡಿ ಇದ್ದ ಹಾಗೆ.

ಕಡಿತದ ಮಾತು ಬಂದಾಗ ಮೊದಲನೆಯ ಪಾಲನ್ನು ಮುಟ್ಟುವುದು ಕಷ್ಟ. ಸಂಬಳ ನಿಂತರೆ ಮರುದಿನವೇ ಗಲಾಟೆ. ಬಡ್ಡಿ ನಿಂತರೆ ಮುಂದೆ ಸಾಲವೇ ಹುಟ್ಟದು. ಆದ್ದರಿಂದ ಕತ್ತಿ ಎರಡನೆಯ, ಮೂರನೆಯ ಪಾಲಿನ ಮೇಲೆ ಬೀಳುತ್ತದೆ. ಹೂಳು ತೆಗೆಯದ ತೋಡು ಕೂಗಿಕೊಳ್ಳುವುದಿಲ್ಲ; ಅರ್ಧಕ್ಕೆ ನಿಂತ ಕಾಲುವೆ ಮೆರವಣಿಗೆ ಹೊರಡುವುದಿಲ್ಲ. ಸಂಬಳದವರಿಲ್ಲದ ಮನೆಗೂ ಕಡಿತ ಮುಟ್ಟುವ ದಾರಿ ಇದು.

ಹಾಗಾದರೆ ಸರಕಾರ ಸಾಲ ಮಾಡಿ ಖರ್ಚು ಮಾಡುತ್ತಲೇ ಇರಲಿ ಎನ್ನೋಣವೆ? ಅದೂ ಆಗದು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು. 1991ರಲ್ಲಿ ನಮ್ಮ ದೇಶಕ್ಕೆ ಆ ಪಾಠ ಸಿಕ್ಕಿತು. ಹೊರದೇಶದಿಂದ ಎಣ್ಣೆ ತರಿಸಲು ಬೇಕಾದ ವಿದೇಶಿ ಹಣ ಕೆಲವೇ ವಾರಗಳಿಗೆ ಸಾಲುವಷ್ಟು ಉಳಿದಿತ್ತು. ಮನೆಯ ಚಿನ್ನ ಅಡವಿಡುವಂತೆ ದೇಶದ ಚಿನ್ನವನ್ನೇ ಹೊರಗೆ ಅಡವಿಡಬೇಕಾಯಿತು. ಆ ಜುಲೈ 24ರಂದು ಮನಮೋಹನ ಸಿಂಗರು ಮಂಡಿಸಿದ ಆಯವ್ಯಯದಲ್ಲಿ ಗೊಬ್ಬರದ ಬೆಲೆಯನ್ನು ನೂರಕ್ಕೆ 40ರಷ್ಟು ಏರಿಸುವ ಸೂಚನೆ ಇತ್ತು. ರೈತರ ವಿರೋಧ ಬಂತು, ಸಂಸತ್ತಿನಲ್ಲಿ ಮಾತಾಯಿತು. ಏರಿಕೆ ನೂರಕ್ಕೆ 30ಕ್ಕೆ ಇಳಿಯಿತು. ಸಣ್ಣ, ಅತಿಸಣ್ಣ ರೈತರಿಗೆ ಏರಿಕೆಯಿಂದ ವಿನಾಯಿತಿಯೂ ಸಿಕ್ಕಿತು. ಸೂಚನೆ ಎಂದರೆ ಕಲ್ಲಿನ ಮೇಲಿನ ಬರಹವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಆಡಿದವರ ಮಾತಿಗೆ ಬೆಲೆ ಬಂತು.

ಮರುವರ್ಷದ ಕಥೆ ಬೇರೆ. 1992ರ ಆಗಸ್ಟಿನಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆಯ ಹತೋಟಿಯನ್ನು ಸರಕಾರ ತೆಗೆದುಹಾಕಿತು. ಯೂರಿಯಾ ಮಾತ್ರ ಹತೋಟಿಯಲ್ಲೇ ಉಳಿಯಿತು, ಅದರ ಬೆಲೆ ತುಸು ಇಳಿಯಿತು ಕೂಡ. ಸಹಾಯಧನದ ಹೊರೆ ತಗ್ಗಿಸಬೇಕೆಂಬುದು ಉದ್ದೇಶ. ಆದದ್ದೇನು? ಪೊಟ್ಯಾಷ್, ಡಿ.ಎ.ಪಿ. ಚೀಲಗಳ ಬೆಲೆ ಒಮ್ಮೆಗೇ ಏರಿತು. ದೇಶದಾದ್ಯಂತ ರೈತರು ಅಗ್ಗವಾದ ಯೂರಿಯಾವನ್ನು ಹೆಚ್ಚು ಹಾಕಿ ಉಳಿದೆರಡನ್ನು ಕಡಿಮೆ ಮಾಡಿದರು. ನಮ್ಮ ಮುರಕಲ್ಲು ಮಣ್ಣಿನಲ್ಲಿ ಪೊಟ್ಯಾಷ್ ಮಳೆನೀರಿಗೆ ಮೊದಲೇ ತೊಳೆದುಹೋಗುತ್ತದೆ. ಅಂಥಲ್ಲಿ ಬರೀ ಯೂರಿಯಾ ಸುರಿದರೆ ಪೈರು ಕಡುಹಸಿರಾಗಿ ಸೊಕ್ಕುತ್ತದೆ, ಹುಳು ಹತ್ತುತ್ತದೆ, ತೆನೆ ಬಂದಾಗ ಮಲಗುತ್ತದೆ. ದಿಲ್ಲಿಯಲ್ಲಿ ಉಳಿದ ಹಣಕ್ಕೆ ಗದ್ದೆಯಲ್ಲಿ ತೆತ್ತ ಬೆಲೆ ಇದು.

ಇನ್ನು ನಮ್ಮ ರಾಜ್ಯದ ಮಾತು. ಸಾಲಕ್ಕೆ ಲಗಾಮು ಇರಲೆಂದು ಕರ್ನಾಟಕವು 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯಿದೆಯನ್ನು ಮಾಡಿತು. ದೇಶದ ರಾಜ್ಯಗಳಲ್ಲಿ ಇಂಥ ಕಾಯಿದೆ ಮಾಡಿದ್ದರಲ್ಲಿ ನಮ್ಮದೇ ಮೊದಲು. ಒಂದು ವರ್ಷದ ವಿತ್ತೀಯ ಕೊರತೆ, ಎಂದರೆ ಸಾಲ ಮಾಡಿ ತುಂಬಬೇಕಾದ ಪಾಲು, ರಾಜ್ಯದ ಒಟ್ಟು ಉತ್ಪತ್ತಿಯ ನೂರಕ್ಕೆ 3ನ್ನು ಮೀರಬಾರದೆಂಬುದು ಅದರ ಸಾರ. 2020ರಲ್ಲಿ ಬೊಕ್ಕಸ ಬರಿದಾದಾಗ ಕೇಂದ್ರದ ಒಪ್ಪಿಗೆಯ ಮೇಲೆ ಕಾಯಿದೆಯನ್ನು ತಿದ್ದಿ, ಆ ವರ್ಷಕ್ಕೆ 3ರ ಮಿತಿಯನ್ನು 5ಕ್ಕೆ ಏರಿಸಲಾಯಿತು. ಇದು ಒಂದು ಕೈ. ಇನ್ನೊಂದು ಕೈಯಲ್ಲಿ ಕಡಿತವೂ ನಡೆಯಿತು. ಕೇಂದ್ರದಂತೆ ರಾಜ್ಯವೂ ನೌಕರರ ತುಟ್ಟಿಭತ್ಯೆಯ ಏರಿಕೆಯನ್ನು 2021ರ ಜುಲೈವರೆಗೆ ತಡೆಹಿಡಿಯಿತು. ಹೊಸ ನೇಮಕಾತಿಗಳಿಗೆ ತಡೆ ಬಿತ್ತು. ಸಂಸದರ ಕ್ಷೇತ್ರಾಭಿವೃದ್ಧಿ ನಿಧಿಯನ್ನು ಕೇಂದ್ರವು 2020ರ ಏಪ್ರಿಲಿನಲ್ಲಿ ನಿಲ್ಲಿಸಿ 2021ರ ನವೆಂಬರಿನಲ್ಲಿ ಮತ್ತೆ ಆರಂಭಿಸಿತು.

ಇದರಲ್ಲಿ ಯಾವುದು ಸರಿ, ಯಾವುದು ತಪ್ಪು? ಒಂದೇ ಮಾತಿನಲ್ಲಿ ಹೇಳಲಾಗದು. ಖಾಯಂ ಸಂಬಳ ಇರುವವರ ಏರಿಕೆಯನ್ನು ಒಂದೂವರೆ ವರ್ಷ ತಡೆದರೆ ಅವರಿಗೆ ಕಷ್ಟ ಹೌದು, ಆದರೆ ಒಲೆ ಆರುವುದಿಲ್ಲ. ಖಾಲಿ ಹುದ್ದೆ ತುಂಬದಿದ್ದರೆ ಒಬ್ಬ ಪಶುವೈದ್ಯರು ಎರಡು ಮೂರು ಕಡೆ ಓಡಾಡಬೇಕು. ರಾತ್ರಿ ಕರು ಹಾಕಲಾಗದೆ ಒದ್ದಾಡುವ ದನ ನಾಳೆಯವರೆಗೆ ಕಾಯದು. ಅದೇ ವರ್ಷ ಕೇಂದ್ರ ಸರಕಾರ ಉದ್ಯೋಗ ಖಾತರಿಯ ಕೆಲಸಕ್ಕೆ ಆಯವ್ಯಯದಲ್ಲಿ ಇಟ್ಟಿದ್ದ 61,500 ಕೋಟಿ ರೂಪಾಯಿಗೆ ಇನ್ನೂ 40,000 ಕೋಟಿ ಸೇರಿಸಿತು. ಊರಿಗೆ ಮರಳಿದವರು ತೋಡು, ಕೆರೆ, ಬಾವಿ ಕೆಲಸ ಮಾಡಿ ಕೂಲಿ ಪಡೆದರು. ಕೂಲಿ ಸಂತೆಗೆ ಹೋಯಿತು, ಬಾವಿ ಊರಿಗೆ ಉಳಿಯಿತು. ಮುಗ್ಗಟ್ಟಿನಲ್ಲಿ ಹಣ ಹಾಕುವುದಾದರೆ ಹೀಗೆ ಎರಡು ಸಲ ಫಲ ಕೊಡುವಲ್ಲಿ ಹಾಕಬೇಕು.

ಬಿತ್ತನೆಯ ಮುಡಿಗೆ ಕೈ ಹಾಕಿದರೆ ಏನಾಗುತ್ತದೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಹಟ್ಟಿಯಂಗಡಿಯ ಮಗ್ಗುಲಲ್ಲೇ ಹರಿಯುವ ವಾರಾಹಿ ಹೊಳೆಯನ್ನು ನೋಡಿ. ವಾರಾಹಿ ನೀರಾವರಿ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1979ರಲ್ಲಿ. ಸುಮಾರು 15,700 ಹೆಕ್ಟೇರು ನೆಲಕ್ಕೆ ನೀರು, ಅಂದಾಜು ಖರ್ಚು 9.43 ಕೋಟಿ ರೂಪಾಯಿ. ಎಡದಂಡೆ ಕಾಲುವೆಗೆ ನೀರು ಬಿಟ್ಟದ್ದು 2015ರಲ್ಲಿ. ಅಷ್ಟರೊಳಗೆ ಅಂದಾಜು 569.53 ಕೋಟಿಗೆ ಏರಿತ್ತು, ಎಂದರೆ ಮೊದಲಿನ ಅರುವತ್ತು ಪಾಲು. ತಡವಾದದ್ದು ಹಣದ ಒಂದೇ ಕಾರಣಕ್ಕಲ್ಲ. ಕಾಡಿನ ನೆಲದ ಅನುಮತಿ, ಭೂಸ್ವಾಧೀನ ಎಲ್ಲವೂ ಅಡ್ಡ ಬಂದವು. ಆದರೆ ಕಾರಣ ಯಾವುದೇ ಇರಲಿ, ಮುಂದೂಡಿದ ಕೆಲಸ ಅಗ್ಗವಾಗಲಿಲ್ಲ. ಗೇಣಿ ಕೊಟ್ಟು ಉಳುತ್ತಿದ್ದ ಅಜ್ಜ ನೀರು ಬರುತ್ತದೆಂದು ಕೇಳಿದ. ಕಾಲುವೆಯ ನೀರು ಕಂಡದ್ದು ಮೊಮ್ಮಗ. ನಡುವಿನ ಮೂವತ್ತಾರು ವರ್ಷಗಳ ಸುಗ್ಗಿ ಬೆಳೆ ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ.

ಇನ್ನೊಂದು ಉದಾಹರಣೆ, ಇದು ಚಿಕ್ಕದು. ಹೊಳೆ ತೋಡುಗಳಿಗೆ ಕಟ್ಟಿದ ಕಿಂಡಿ ಅಣೆಕಟ್ಟುಗಳನ್ನು ಎಲ್ಲರೂ ಬಲ್ಲಿರಿ. ಮಳೆಗಾಲ ಕಳೆದು ಹರಿವು ಇಳಿದಾಗ ಹಲಗೆ ಇಳಿಸಬೇಕು, ಮುಂದಿನ ಮಳೆಗೆ ಮೊದಲು ಎತ್ತಬೇಕು. ಕಟ್ಟುವಾಗ ಲಕ್ಷಗಟ್ಟಲೆ ಹಣ ಹೋಗಿರುತ್ತದೆ. ವರ್ಷವರ್ಷ ಬೇಕಾಗುವುದು ಹಲಗೆಗೂ ನಾಲ್ಕಾಳಿನ ಕೂಲಿಗೂ ತಕ್ಕಷ್ಟು ಮಾತ್ರ. ಆ ಸಣ್ಣ ಹಣ ನಿಂತ ವರ್ಷ ಸಿಹಿನೀರು ಸಮುದ್ರಕ್ಕೆ ಹೋಗುತ್ತದೆ. ಬೇಸಗೆಯ ಭರತದಲ್ಲಿ ಉಪ್ಪುನೀರು ಮೇಲೇರಿ ಗದ್ದೆಗೂ ಬಾವಿಗೂ ಸೇರುತ್ತದೆ. ಉದ್ದು, ನೆಲಗಡಲೆಯ ಆಸೆ ಹೋಯಿತು, ಕುಡಿಯುವ ನೀರೂ ಹೋಯಿತು. ಉಳಿಸಿದ್ದು ಹಲಗೆಯ ಹಣ, ಕಳೆದದ್ದು ಅಣೆಕಟ್ಟಿನ ಫಲ.

ಬೀಜದ ಮಾತೂ ಹಾಗೆಯೇ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಸಹ್ಯಾದ್ರಿ ಪಂಚಮುಖಿ ಎಂಬ ಕೆಂಪಕ್ಕಿಯ ತಳಿ ನೆರೆನೀರು ನಿಲ್ಲುವ ಬೈಲು ಗದ್ದೆಗಳಿಗೆ ಹೇಳಿ ಮಾಡಿಸಿದ್ದು. ಒಂದು ತಳಿಯನ್ನು ಆರಿಸಿ, ಬೆಳೆಸಿ, ಪರೀಕ್ಷಿಸಿ ರೈತನ ಕೈಗೆ ಕೊಡಲು ಹಲವಾರು ವರ್ಷ ಹಿಡಿಯುತ್ತದೆ. ನಡುವೆ ಎರಡು ವರ್ಷ ಹಣ ನಿಂತರೆ ಎರಡೇ ವರ್ಷ ತಡ ಎಂದು ತಿಳಿಯಬೇಡಿ. ಕಾಯ್ದಿಟ್ಟ ಬೀಜ ಮೊಳಕೆಶಕ್ತಿ ಕಳೆದುಕೊಂಡರೆ ಹಿಂದಿನ ಕೆಲಸವನ್ನೂ ಮತ್ತೆ ಮಾಡಬೇಕಾದೀತು.

ಹಾಗಾದರೆ ನಾವು ಮಾಡತಕ್ಕದ್ದೇನು? ಕಡಿತದ ಸುದ್ದಿ ಬಂದಾಗ ಸುಮ್ಮನೆ ಬೈಯುವುದರಿಂದಾಗಲಿ ಹೊಗಳುವುದರಿಂದಾಗಲಿ ಪ್ರಯೋಜನವಿಲ್ಲ. ಮೂರು ಪ್ರಶ್ನೆ ಕೇಳಬೇಕು. ಕಡಿಯುವುದು ಊಟದ ಅಕ್ಕಿಯನ್ನೋ ಬಿತ್ತನೆಯ ಬತ್ತವನ್ನೋ? ಈಗ ಉಳಿಸಿದ ಒಂದು ರೂಪಾಯಿಗೆ ಮುಂದೆ ಎಷ್ಟು ರೂಪಾಯಿ ತೆರಬೇಕಾದೀತು? ಹೊರೆ ಬೀಳುವುದು ತಾಳುವವನ ಹೆಗಲಿಗೋ ತಾಳಲಾರದವನ ಹೆಗಲಿಗೋ?

ಕೇಳುವ ಜಾಗವೂ ಉಂಟು. ಪಂಚಾಯತ್ ರಾಜ್ ಕಾಯಿದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಅಲ್ಲಿ ಊಟ, ಭಾಷಣ ಮುಗಿಸಿ ಬರುವುದಲ್ಲ. ನಮ್ಮ ಊರಿನ ಕಿಂಡಿ ಅಣೆಕಟ್ಟಿಗೆ ಈ ವರ್ಷ ಹಲಗೆಯ ಹಣ ಉಂಟೋ, ಯಾವ ತೋಡಿನ ಕೆಲಸ ಕೈಬಿಟ್ಟಿದ್ದಾರೆ, ಅದರ ಬದಲಿಗೆ ಯಾವುದನ್ನು ಕೈಬಿಡಬಹುದಿತ್ತು ಎಂದು ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿ ಮಾತಿನ ಉತ್ತರ ಸಾಲದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಲಿಖಿತವಾಗಿ ಕೇಳಬಹುದು. ತಾಯಂದಿರೂ ಬರಬೇಕು, ಬಾವಿಯ ನೀರು ಉಪ್ಪಾದ ದಿನ ಮೊದಲು ತಿಳಿಯುವುದು ನಿಮಗೆ.

ಇಷ್ಟನ್ನೂ ಕೇಳಿದ ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ನಮ್ಮಪ್ಪ ಆಸಾಡಿಯಂಗೆ ಗಂಜಿಗೆ ನೀರ್ ಜಾಸ್ತಿ ಹಾಕ್ತಿದ್ರ್. ಆರೆ ಅಟ್ಟದ್ ಮೇಲಿನ್ ಬೀಜದ್ ಮುಡಿ ಬಿಚ್ಚುಕೆ ಯಾರಿಗೂ ಬಿಡ್ತಿರ್ಲಿಲ್ಲ."

ಆಯವ್ಯಯ ಬರೆಯುವವರಿಗೂ ನಾವು ಹೇಳಬೇಕಾದದ್ದು ಅದೇ. ಗಂಜಿ ತೆಳುವಾದರೆ ಒಂದು ಮಳೆಗಾಲ ಹೇಗೋ ಕಳೆಯುತ್ತೇವೆ. ಬೀಜದ ಮುಡಿ ಮಾತ್ರ ಹಾಗೆಯೇ ಇರಲಿ.