ಕೊಪ್ಪಳ ಸುತ್ತೋ ಪ್ರವಾಸಿಗರ ಗಾಡಿ ಕಿನ್ನಾಳದಲ್ಲಿ ಎಷ್ಟೊತ್ತು ನಿಲ್ಲಬೇಕು?

ಕಿನ್ನಾಳ (ಕೊಪ್ಪಳ): ಹಂಪಿಗೆ ಬಂದ ಪ್ರವಾಸಿಗರು ಹೊಳೆ ದಾಟಿ ಆನೆಗೊಂದಿ, ಅಂಜನಾದ್ರಿ, ಸಾಣಾಪುರ ನೋಡ್ತಾರೆ. ಸಂಜೆ ಹೊತ್ತಿಗೆ ಹೊಸಪೇಟೆ ಕಡೆ ವಾಪಸ್. ಕೊಪ್ಪಳ ಪಟ್ಟಣದವರೆಗೆ ಬರೋರು ಕಡಿಮೆ, ಅಲ್ಲಿಂದ ಸುಮಾರು 13 ಕಿ.ಮೀ. ಒಳಗಿರುವ ಕಿನ್ನಾಳಕ್ಕೆ ಬರೋರು ಇನ್ನೂ ಕಡಿಮೆ.

ಚನ್ನಪಟ್ಟಣದ ಕಥೆ ಬೇರೆ. ಅದು ಇರೋದೇ ಹಳೆಯ ಬೆಂಗಳೂರು–ಮೈಸೂರು ರಸ್ತೆ ಮೇಲೆ. ಕಾರು ನಿಲ್ಲಿಸಿ ಚಹಾ ಕುಡಿಯೋ ಹೊತ್ತಿಗೆ ಗೊಂಬೆ ಅಂಗಡಿ ಕಣ್ಣಿಗೆ ಬೀಳುತ್ತೆ. ಕಿನ್ನಾಳದ ಗೊಂಬೆಗೆ ಆ ಅದೃಷ್ಟ ಇಲ್ಲ. ಹುಬ್ಬಳ್ಳಿ–ಹೊಸಪೇಟೆ ಹೆದ್ದಾರಿ ಕೊಪ್ಪಳದ ಮೇಲೆ ಹಾದು ಹೋಗುತ್ತೆ, ಊರು ಮಾತ್ರ ಒಳಗೆ ಉಳಿದಿದೆ. ಹಾಗಾಗಿ ಯಾರಾದರೂ ಕರೆದುಕೊಂಡು ಬರಬೇಕು, ಬಂದವರಿಗೆ ಬಿಡಿಸಿ ಹೇಳಬೇಕು. ಗೈಡ್ ಬೇಕಾಗೋದು ಅದಕ್ಕೇ.

ಒಂದು ದಿನದ ಸುತ್ತು ಹೇಗಿರಬಹುದು? ಕ್ರೂಸರ್ ಅಥವಾ ಟಿಟಿ ಗಾಡಿ ಮಾಡಿಕೊಂಡು ಬೆಳಿಗ್ಗೆ ಕೊಪ್ಪಳದಿಂದಲೇ ಶುರು ಮಾಡುವುದು ಒಳ್ಳೆಯದು. ಬಿಸಿಲು ಏರುವ ಮೊದಲೇ ಗವಿಮಠದ ಗುಡ್ಡ ಮತ್ತು ಪಾಲ್ಕಿಗುಂಡು ಮುಗಿಸಿಬಿಡಬೇಕು. ಎರಡೂ ಕಡೆ ಅಶೋಕ ಚಕ್ರವರ್ತಿಯ ಕಿರು ಬಂಡೆ ಶಾಸನಗಳಿವೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ವಯಸ್ಸು 2,200 ವರ್ಷಕ್ಕೂ ಮೇಲೆ. ಇವು ಬೆಳಕಿಗೆ ಬಂದದ್ದು 1931ರಲ್ಲಿ, ಕೊಪ್ಪಳ ಇನ್ನೂ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದಾಗ. ನಿಂತ ಬಂಡೆಗಳ ಮೇಲೆ ದೊಡ್ಡ ಹಾಸುಬಂಡೆ ಕೂತು ಪಲ್ಲಕ್ಕಿ ಥರ ಕಾಣುವುದರಿಂದ ಅದಕ್ಕೆ ಪಾಲ್ಕಿಗುಂಡು ಅನ್ನೋ ಹೆಸರು. ಅಲ್ಲಿನ ಅಕ್ಷರ ಬಹಳ ಸವೆದಿದೆ, ಗವಿಮಠದ್ದು ಚೆನ್ನಾಗಿ ಉಳಿದಿದೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಮೇಲಕ್ಕೆ ಏರಬಹುದು ಅನ್ನೋದು ಆ ಶಾಸನದ ಒಂದು ಮುಖ್ಯ ಮಾತು. ಇದನ್ನ ಯಾರೂ ಹೇಳದಿದ್ದರೆ ನೋಡುವವರಿಗೆ ಅದು ಗೀಚಿದ ಕಲ್ಲು ಅಷ್ಟೇ.

ಅಲ್ಲಿಂದ ಸೀದಾ ಕಿನ್ನಾಳಕ್ಕೆ. ಇಲ್ಲಿ ಗಾಡಿ ಹತ್ತು ನಿಮಿಷ ನಿಂತರೆ ಪ್ರಯೋಜನವಿಲ್ಲ, ಕನಿಷ್ಠ ಎರಡು ತಾಸಾದರೂ ಬೇಕು. ಯಾಕೆ ಅಂದ್ರೆ, ಕಿನ್ನಾಳದ ಗೊಂಬೆಯಲ್ಲಿ ಮುಖ್ಯವಾದದ್ದೆಲ್ಲ ಬಣ್ಣದ ಕೆಳಗೆ ಮುಚ್ಚಿಹೋಗಿರುತ್ತೆ.

ಮೊದಲು ಹಗುರವಾದ, ಮೆದು ಕಟ್ಟಿಗೆಯಲ್ಲಿ ಗೊಂಬೆಯ ಭಾಗಗಳನ್ನ ಬೇರೆ ಬೇರೆಯಾಗಿ ಕೆತ್ತುತ್ತಾರೆ. ಅವನ್ನ ಜೋಡಿಸೋಕೆ ಕಿಟ್ಟ ಬೇಕು. ಗೋಣಿ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಅದಕ್ಕೆ ಕಟ್ಟಿಗೆ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಕಲಸಿದರೆ ಕಿಟ್ಟ ಆಗುತ್ತೆ. ಜೋಡಿಸಿದ ಗೊಂಬೆಗೆ ಮೈತುಂಬ ಬಟ್ಟೆ ಚೂರು, ಹತ್ತಿಯನ್ನ ಅದೇ ಹುಣಸೆ ಅಂಟಿನಿಂದ ಅಂಟಿಸುತ್ತಾರೆ. ಮೇಲೆ ಕಲ್ಲಿನ ಪುಡಿ ಮತ್ತು ಅಂಟಿನ ಲೇಪ. ಸರ, ಕಿರೀಟ, ಡಾಬು ಉಬ್ಬಿ ಕಾಣೋದು ಈ ಲೇಪದಿಂದಲೇ, ಕೆತ್ತನೆಯಿಂದ ಅಲ್ಲ. ಪ್ರತಿ ಹಂತದಲ್ಲೂ ಒಣಗಬೇಕು. ಕೊನೆಗೆ ಬಣ್ಣ. ಬಂಗಾರ, ಬೆಳ್ಳಿಯ ಹೊಳಪಿಗೆ ಲಾಜವಾರ ಅನ್ನೋ ಪದ್ಧತಿ ಇದೆ: ತವರವನ್ನ ಅಂಟಿನ ಜೊತೆ ಅರೆದು ಹಚ್ಚಿ, ನುಣುಪು ಕಲ್ಲಿನಿಂದ ತಿಕ್ಕಿ ಮಿಂಚು ತರುವುದು.

ಚನ್ನಪಟ್ಟಣದ್ದು ಹೀಗಲ್ಲ. ಅಲ್ಲಿ ಕಟ್ಟಿಗೆಯನ್ನ ಚರಕಿಗೆ ಸಿಕ್ಕಿಸಿ ತಿರುಗಿಸುತ್ತಲೇ ಆಕಾರ ಕೊಟ್ಟು, ಅರಗಿನ ಬಣ್ಣ ಹಿಡಿಸುತ್ತಾರೆ. ಅದಕ್ಕೇ ಆ ಗೊಂಬೆಗಳು ದುಂಡಗೆ, ಮಕ್ಕಳ ಕೈಗೆ ಕೊಡೋ ಹಾಗೆ ಇರ್ತವೆ. ಕಿನ್ನಾಳದ ಗರುಡ, ಹನುಮಂತ, ಗೌರಿಯನ್ನ ಆಟಿಕೆ ಅನ್ನೋದೇ ಅರ್ಧ ತಪ್ಪು. ಸರ್ಕಾರಿ ಜಿಐ ಪಟ್ಟಿಯಲ್ಲೂ ಇದು ಆಟಿಕೆ ಅಂತಲೇ ದಾಖಲಾಗಿದೆ, ಇರಲಿ. ಚಿತ್ರಗಾರರ ಮನೆತನಗಳು ಗೊಂಬೆಯಷ್ಟೇ ಅಲ್ಲ, ದೇವರ ಪಲ್ಲಕ್ಕಿ, ತೊಟ್ಟಿಲು, ಊರ ದೇವತೆಯ ಮೂರ್ತಿಗಳನ್ನೂ ಮಾಡುತ್ತಾ ಬಂದಿವೆ. ಹೋಳಿ ಬಂತು ಅಂದ್ರೆ ಕಾಮ–ರತಿಗೆ ಬೇಡಿಕೆ. ಹಂಪಿ ವಿರೂಪಾಕ್ಷ ಗುಡಿಯ ಛತ್ತಿನ ಚಿತ್ರಗಳು ಇವರ ಹಿರಿಯರದೇ ಕೈಕೆಲಸ ಅನ್ನೋ ಮಾತು ಕೂಡ ಇದೆ. ಹಂಪಿ ಗೈಡ್‌ಗಳು ಅಲ್ಲಿ ಮೇಲೆ ಕೈ ತೋರಿಸುವಾಗ ಈ ಒಂದು ಮಾತು ಸೇರಿಸಿದರೂ ಹತ್ತರಲ್ಲಿ ಒಬ್ಬರು ಇತ್ತ ತಿರುಗಿಯಾರು.

ಅಂಗಡಿಯಲ್ಲಿ ಗೊಂಬೆ ಎತ್ತಿ ನೋಡಿದ ಗಿರಾಕಿ ಮೊದಲು ಕೇಳೋದು, "ಇಷ್ಟ್ಯಾಕ್ರೀ ರೇಟು?" ಪಕ್ಕದಲ್ಲಿರೋ ಪ್ಲಾಸ್ಟಿಕ್ ಗೊಂಬೆಯ ಲೆಕ್ಕ ಅವರ ತಲೆಯಲ್ಲಿರುತ್ತೆ. ಕಿಟ್ಟ ಕಲಸೋದು, ಲೇಪ ಒಣಗೋದು ಕಣ್ಣಾರೆ ನೋಡಿದವರು ಆ ಪ್ರಶ್ನೆ ಕೇಳೋದು ಕಡಿಮೆ. ಚೌಕಾಸಿಯಲ್ಲಿ ಇಳಿಯೋ ಪ್ರತಿ ರೂಪಾಯಿ ಕೂಲಿಯಿಂದಲೇ ಹೋಗುತ್ತೆ, ಯಾಕಂದ್ರೆ ಚಿಂದಿ, ಹೊಟ್ಟು, ಹುಣಸೆ ಬೀಜದಲ್ಲಿ ಉಳಿಸೋಕೆ ಏನೂ ಇಲ್ಲ. ಕೂಲಿ ಗಿಟ್ಟದಿದ್ದರೆ ಮನೆಯ ಹುಡುಗರು ಉಳಿ ಬಿಟ್ಟು ಬೇರೆ ಕೆಲಸ ಹುಡುಕುತ್ತಾರೆ. ಗೈಡ್ ಇಲ್ಲದೆ ಬಂದು ಫೋಟೋ ತೆಗೆದುಕೊಂಡು ಹೋಗೋ ಗಾಡಿಯಿಂದ ಈ ಓಣಿಗೆ ಸಿಗೋದು ಧೂಳು ಮಾತ್ರ.

ಎರಡು ತಾಸು ನಿಂತರೆ ಊಟದ ಹೊತ್ತೂ ಇಲ್ಲೇ ಆಗುತ್ತೆ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಹಾಕುವ ಒಂದು ಖಾನಾವಳಿ, ಶುದ್ಧ ನೀರು, ಹೆಣ್ಣುಮಕ್ಕಳು ಹೋಗುವಂಥ ಶೌಚಾಲಯ ಇದ್ದರೆ ಗಾಡಿ ತಾನಾಗೇ ನಿಲ್ಲುತ್ತೆ. ಡ್ರೈವರ್‌ಗಳು ಊಟಕ್ಕೆ ಎಲ್ಲಿ ನಿಲ್ಲಿಸುತ್ತಾರೋ ಅಲ್ಲೇ ವ್ಯಾಪಾರ ಅನ್ನೋದು ಹೆದ್ದಾರಿ ಪಕ್ಕದ ಅಂಗಡಿಯವರಿಗೆ ಹೇಳಿಕೊಡಬೇಕಿಲ್ಲ.

ಮಧ್ಯಾಹ್ನದ ನಂತರ ಕುಕನೂರು, ಇಟಗಿ. ಗದಗ ರಸ್ತೆ ಹಿಡಿದರೆ ದಾರಿಯಲ್ಲಿ ಭಾನಾಪುರ ಸಿಗುತ್ತೆ. ಇಲ್ಲೇ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದದ್ದು. ಹೊರಗಿನವರು ಇದನ್ನೇ ಕಿನ್ನಾಳ ಅಂದುಕೊಳ್ಳೋ ಸಾಧ್ಯತೆ ಇದೆ. ಅದು ಕಾರ್ಖಾನೆಯ ಆಟಿಕೆ, ಇದು ಕೈಯ ಗೊಂಬೆ ಅಂತ ಗೈಡ್ ಅಲ್ಲೇ ಹೇಳಿಬಿಡಬೇಕು. ಕುಕನೂರಿನ ನವಲಿಂಗ ಗುಡಿ ರಾಷ್ಟ್ರಕೂಟರ ಕಾಲದ್ದು, ಒಂಬತ್ತು ಲಿಂಗಗಳಿಗೆ ಒಂಬತ್ತು ಗರ್ಭಗುಡಿ. ಇಟಗಿಯ ಮಹಾದೇವ ದೇವಾಲಯವನ್ನ 1112ರಲ್ಲಿ ಕಟ್ಟಿಸಿದ್ದು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನವೇ ಇದನ್ನ ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಬೆಳಿಗ್ಗೆ ಕಿನ್ನಾಳದಲ್ಲಿ ಉಬ್ಬು ಲೇಪ ನೋಡಿ ಬಂದ ಕಣ್ಣಿಗೆ ಇಲ್ಲಿನ ಬಳಪದ ಕಲ್ಲಿನ ಕುಸುರಿ ಬೇರೆಯೇ ಥರ ಕಾಣುತ್ತೆ. ಸಂಜೆ ಬಿಸಿಲಿನಲ್ಲಿ ನೋಡಿದರೆ ಇನ್ನೂ ಚೆಂದ.

ಹಿರೇಬೆಣಕಲ್ಲನ್ನ ಇದೇ ದಿನ ಸೇರಿಸೋದು ಬೇಡ. ಗಂಗಾವತಿ ತಾಲೂಕಿನ ಆ ಮೋರ್ಯರ ಗುಡ್ಡದಲ್ಲಿ ಬಂಡೆ ಚಪ್ಪಡಿಯ ಸುಮಾರು 400 ಬೃಹತ್ ಶಿಲಾಯುಗದ ಸಮಾಧಿ ಮನೆಗಳಿವೆ, 2021ರಲ್ಲಿ ಯುನೆಸ್ಕೋ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಆದರೆ ಗುಡ್ಡ ಹತ್ತಬೇಕು, ಮೇಲೆ ನೆರಳು ಕಡಿಮೆ. ಅದಕ್ಕೆ ಇನ್ನೊಂದು ದಿನ ಇಟ್ಟುಕೊಂಡು, ಬೂಟು ಹಾಕಿಕೊಂಡು, ತಲೆಗೆ ಎರಡು ಲೀಟರ್ ನೀರು ಹಿಡಿದು ನಸುಕಿನಲ್ಲೇ ಹೊರಡುವುದು ಸರಿ.