ಶಾಲೆಯ ಮಕ್ಕಳ ನಿತ್ಯಾರಾಧನೆ

ಇಂಗ್ಲೆಂಡಿನ ಶಾಲೆಗಳಲ್ಲಿ ನಿತ್ಯವೂ ಸಾಮೂಹಿಕ ಆರಾಧನೆ ನಡೆಯಬೇಕೆಂಬ ಕಾನೂನುಂಟೆಂದರೆ ನಮ್ಮವರಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ವಿಜ್ಞಾನದ ನಾಡೆಂದು ನಾವು ಎಣಿಸಿರುವ ದೇಶವಲ್ಲವೆ ಅದು! ಆಂಗ್ಲ ಕ್ರೈಸ್ತಸಭೆಗೆ ಸೇರಿದ ಶಾಲೆಗಳೇ ಅಲ್ಲಿ ಸುಮಾರು 4,600 ಇವೆ. ಅವುಗಳಲ್ಲಿ ಬಹುಪಾಲು ಪ್ರಾಥಮಿಕ ಶಾಲೆಗಳು.

ಆರಾಧನೆಯ ಕ್ರಮ ಸರಳವಾದುದು. ಮಕ್ಕಳು ಸಾಲಾಗಿ, ಸದ್ದಿಲ್ಲದೆ ಸಭಾಂಗಣಕ್ಕೆ ಬಂದು ನೆಲದ ಮೇಲೆ ಕುಳಿತುಕೊಳ್ಳುವರು. ಒಂದು ಮಗು ಮೇಣದ ಬತ್ತಿಯನ್ನು ಹಚ್ಚುತ್ತದೆ. ತ್ರಿಯೇಕ ದೇವರ ನೆನಪಿಗಾಗಿ ಮೂರು ಬತ್ತಿಗಳನ್ನು ಹಚ್ಚುವ ಶಾಲೆಗಳೂ ಉಂಟು. ಬಳಿಕ ಬೈಬಲಿನ ಒಂದು ಕಥೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಯಾಜಕನೂ ಲೇವಿಯನೂ ಕಂಡೂ ಕಾಣದಂತೆ ಹೋದರು, ಪರಕೀಯನಾದ ಸಮಾರ್ಯದವನು ಎತ್ತಿ ಉಪಚರಿಸಿದನು ಎಂಬ ಕಥೆಯೆಂದಿಟ್ಟುಕೊಳ್ಳೋಣ. ಉಪಾಧ್ಯಾಯರು ಅದರ ತಾತ್ಪರ್ಯವನ್ನು ಹೇಳಿ ಮುಗಿಸುವುದಿಲ್ಲ. “ನಿನ್ನೆ ಆಟದ ಬಯಲಿನಲ್ಲಿ ಬಿದ್ದವರನ್ನು ನೀವು ಎತ್ತಿದಿರಾ?” ಎಂದು ಕೇಳಿ ಸುಮ್ಮನಾಗುತ್ತಾರೆ. ಆ ಅರ್ಧ ನಿಮಿಷದ ಮೌನವೇ ಇಡೀ ವಿಧಿಯ ಸಾರವೆಂದು ನಮಗೆ ತೋರುತ್ತದೆ. ಆಮೇಲೆ ಪ್ರಾರ್ಥನೆ. ಈ ಪ್ರಾರ್ಥನೆಯನ್ನು ತಮ್ಮದೆಂದು ಒಪ್ಪುವವರು ಮಾತ್ರ ‘ಆಮೆನ್’ ಎನ್ನಬಹುದೆಂದು ಅನೇಕ ಉಪಾಧ್ಯಾಯರು ಮೊದಲೇ ತಿಳಿಸುವರು.

ಈ ಎಚ್ಚರಿಕೆಯ ಹಿಂದೆ ದೊಡ್ಡ ಇತಿಹಾಸವಿದೆ. 1870ರ ಶಿಕ್ಷಣ ಶಾಸನವು ಪ್ರಾರ್ಥನೆ ಶಾಲೆಯ ಹೊತ್ತಿನ ಆರಂಭದಲ್ಲಿ ಇಲ್ಲವೆ ಅಂತ್ಯದಲ್ಲಿ ಮಾತ್ರ ನಡೆಯಬೇಕೆಂದೂ, ಆ ವೇಳಾಪಟ್ಟಿಯನ್ನು ಕೊಠಡಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕೆಂದೂ ವಿಧಿಸಿತು. ಒಲ್ಲದ ತಂದೆತಾಯಿಗಳು ತಮ್ಮ ಮಗುವನ್ನು ಪಾಠಕ್ಕೆ ಕುಂದಿಲ್ಲದೆ ಬಿಡಿಸಿಕೊಳ್ಳಲಿ ಎಂಬುದೇ ಇದರ ಉದ್ದೇಶ. 1944ರ ಶಾಸನವು ಶಾಲೆಯ ದಿನವು ಆರಾಧನೆಯಿಂದಲೇ ತೊಡಗಬೇಕೆಂದಿತು. 1988ರ ಶಾಸನವು ಹೊತ್ತಿನ ನಿರ್ಬಂಧವನ್ನು ಸಡಿಲಿಸಿತು. ಬಿಡಿಸಿಕೊಳ್ಳುವ ಹಕ್ಕು ಮಾತ್ರ ಉಳಿದು ಬಂದಿದೆ.

ಆದರೂ ಗೆಳೆಯರೆಲ್ಲರೂ ಹಾಡುತ್ತಿರುವಾಗ ಪಕ್ಕದ ಕೊಠಡಿಯಲ್ಲಿ ಪುಸ್ತಕ ಹಿಡಿದು ಒಂಟಿಯಾಗಿ ಕುಳಿತ ಏಳು ವರ್ಷದ ಮಗುವನ್ನು ನೆನೆಯಿರಿ. ತಂದೆಯ ಹಕ್ಕು ಅಲ್ಲಿ ಮಗುವಿನ ಶಿಕ್ಷೆಯಂತೆ ಕಂಡರೆ ಸೋಜಿಗವಿಲ್ಲ. ಮುಸಲ್ಮಾನರ ಮಕ್ಕಳೂ ಹಿಂದೂಗಳ ಮಕ್ಕಳೂ ಕಲಿಯುವ ನಗರಗಳ ಕ್ರೈಸ್ತ ಶಾಲೆಗಳಲ್ಲಿ ಈ ಪ್ರಶ್ನೆ ದಿನದಿನದ್ದು. ಬಲವಂತದ ಭಕ್ತಿ ಭಕ್ತಿಯೇ ಅಲ್ಲವೆಂದು ಅಲ್ಲಿನ ಸಭೆಯವರೂ ಬಲ್ಲರು. ಆದುದರಿಂದಲೇ ಆರಾಧನೆಯು ಆಹ್ವಾನವಾಗಿರಬೇಕೆಂದು ಅವರು ಉಪಾಧ್ಯಾಯರಿಗೆ ಹೇಳುತ್ತಾರೆ.

ನಮ್ಮ ನಾಡಿಗೂ ಈ ಮಾತು ಹೊರಗಿನದಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆದಂದಿನಿಂದ ಇದು ನಮ್ಮ ಮನೆಗಳಲ್ಲಿಯೂ ಚರ್ಚೆಯಾದ ವಿಷಯ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 28ನೆಯ ಅನುಚ್ಛೇದದಂತೆ, ಸರಕಾರದ ಮನ್ನಣೆ ಇಲ್ಲವೆ ನೆರವು ಪಡೆದ ಶಾಲೆಯಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಆರಾಧನೆಗೆ ಕೂಡಿಸುವಂತಿಲ್ಲ. ಇಂಗ್ಲೆಂಡಿನಲ್ಲಿ ತಂದೆ ಬೇಡವೆಂದರೆ ಬಿಡುಗಡೆ. ನಮ್ಮಲ್ಲಿ ತಂದೆ ಒಪ್ಪಿದರೆ ಮಾತ್ರ ಹಾಜರಿ. ಉಪಾಧ್ಯಾಯರ ಮುಂದೆ ಬಾಯಿಬಿಡಲು ಅಂಜುವ ಬಡವರ ಪಾಲಿಗೆ ಈ ವ್ಯತ್ಯಾಸ ಸಣ್ಣದಲ್ಲ.